ದಾಖಲೆ ಎಲ್ಲ ಸರಿ ಇದೆ, ಒಳಗೆ ಬನ್ನಿ

ನಮ್ಮ ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆಗೆ ನೋಟಿಸ್ ಕಳಿಸಬೇಕಿತ್ತು. 84 ಮನೆ, 84 ಮೇಲ್. "ನಿಮಗೆ ಕಂಪ್ಯೂಟರ್ ಗೊತ್ತಲ್ವಾ, ಸುಮ್ನೆ ಒಂದು ಬಟನ್ ಒತ್ತಿಬಿಡಿ" ಎಂದರು ಕಾರ್ಯದರ್ಶಿ ರಾಯರು. ಅಂಚೆ ಇಲಾಖೆಯಲ್ಲಿದ್ದು ರಿಟೈರ್ ಆದವರು. ಆ ಬಟನ್ ಹುಡುಕುವುದಕ್ಕೇ ನನಗೆ ಒಂಬತ್ತು ದಿನ ಹಿಡಿಯಿತು.

ಸಂಘದ್ದು ಬಾಡಿಗೆಯ ಪುಟ್ಟ ಸರ್ವರ್. ಅದರಲ್ಲಿ ಪೋಸ್ಟ್‌ಫಿಕ್ಸ್ ಎಂಬ ಸಾಫ್ಟ್‌ವೇರ್ ಇದೆ. ಮೇಲ್ ಕಳಿಸುವುದೇ ಅದರ ಕುಲಕಸುಬು. ಆದರೆ ಕಳಿಸುವಂತಿಲ್ಲ. ಮೇಲ್ ಹೊರಗೆ ಹೋಗುವ 25ನೇ ನಂಬರಿನ ಪೋರ್ಟಿಗೆ ಬಾಡಿಗೆ ಕೊಟ್ಟವರೇ ಬೀಗ ಜಡಿದಿದ್ದಾರೆ. ಮನೆ ಕೊಟ್ಟು, "ಮುಂಬಾಗಿಲು ಮಾತ್ರ ತೆಗೀಬೇಡಿ, ಹಿಂದೆ ಇದ್ದವನು ಕಳ್ಳ" ಅಂದ ಹಾಗೆ. ಹೊರಗಿನ ಮೇಲ್ ಕಂಪನಿಯೊಂದನ್ನು ಹಿಡಿದು, ದುಡ್ಡು ಕೊಟ್ಟು, ಅವರ ಕೈಲಿ ಕಳಿಸಬೇಕಂತೆ. ಆಯಿತು, ತಾಲ್ಲೂಕು ಕಚೇರಿ ನೋಡಿದವರಿಗೆ ಬ್ರೋಕರ್ ಹೊಸಬನೇನಲ್ಲ.

ರಾಯರಿಗೆ ಇದು ಸರಿಬರಲಿಲ್ಲ. "ನಮ್ಮ ಕೆಂಪು ಡಬ್ಬಕ್ಕೆ ಕಾಗದ ಹಾಕೋನನ್ನ ನೀನ್ಯಾರಪ್ಪಾ ಅಂತ ಒಂದಿನಾನೂ ಕೇಳಿಲ್ಲ ಕಣ್ರೀ" ಎಂದರು. ನಿಜ. 1982ರಲ್ಲಿ ಜಾನ್ ಪೋಸ್ಟೆಲ್ ಎಸ್‌ಎಂಟಿಪಿ ಎಂಬ ಮೇಲ್ ಸಾಗಿಸುವ ನಿಯಮ ಬರೆದಾಗ ಮೇಲ್ ಕೂಡ ಹಾಗೇ ಇತ್ತು. ಲಕೋಟೆ ಮೇಲೆ ಕಳಿಸಿದವರ ಜಾಗದಲ್ಲಿ ಯಾರ ಹೆಸರು ಗೀಚಿದರೂ ನಡೆಯುತ್ತಿತ್ತು. (ಅದಕ್ಕೂ ನಾಲ್ಕು ವರ್ಷ ಮೊದಲೇ, 1978ರಲ್ಲಿ, ಕಂಪ್ಯೂಟರ್ ಮಾರುವವನೊಬ್ಬ ಸುಮಾರು 400 ಜನರಿಗೆ ಒಂದೇ ಜಾಹೀರಾತು ಕಳಿಸಿ ಬೈಸಿಕೊಂಡಿದ್ದ. ಆಗಲೇ ಬುದ್ಧಿ ಬರಬೇಕಿತ್ತು.)

25ನೇ ಪೋರ್ಟ್ ಇಲ್ಲದಿದ್ದರೆ 587 ಇದೆ, 465 ಇದೆ. ಈ 465ರ ಕಥೆ ಕೇಳಿ. 1997ರಲ್ಲಿ ಮೇಲ್ ಕೆಲಸಕ್ಕೆ ನೇಮಕ. ಸ್ವಲ್ಪ ಸಮಯಕ್ಕೇ ನೇಮಕ ರದ್ದು. ಆದರೂ ಸೀಟು ಬಿಟ್ಟು ಏಳಲಿಲ್ಲ, ಜನ ಅದಕ್ಕೇ ಕಾಗದ ಕೊಡುತ್ತಲೇ ಇದ್ದರು. 2018ರಲ್ಲಿ ಬೇರೆ ದಾರಿ ಕಾಣದೆ ಮತ್ತೆ ಆದೇಶ ಕೊಟ್ಟು ಅದೇ ಕುರ್ಚಿಯಲ್ಲಿ ಕೂರಿಸಿದರು. ಸಂಬಳದ ಬಾಕಿ ಕೊಟ್ಟರೋ ಇಲ್ಲವೋ.

ನಾನು 587 ಹಿಡಿದೆ. ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ನಲ್ಲಿ ಮೇಲ್ ಕಂಪನಿಯ ಸರ್ವರ್ ಹೆಸರನ್ನು ಚೌಕ ಕಂಸದೊಳಗೆ ಬರೆಯಬೇಕು. ಕಂಸ ಇಲ್ಲದಿದ್ದರೆ ಪೋಸ್ಟ್‌ಫಿಕ್ಸ್ ಆ ಬಾಗಿಲಿಗೆ ನೇರ ಹೋಗದೆ, "ಈ ಹೆಸರಿಗೆ ಬರೋ ಮೇಲ್ ಯಾರ ಮನೆಗೆ ಹೋಗುತ್ತೆ?" ಎಂದು ವಿಚಾರಿಸಿಕೊಂಡು ಬೇರೆ ಕಡೆ ಹೊರಡುತ್ತದೆ. ಎರಡು ಕಂಸಕ್ಕೆ ಒಂದು ಭಾನುವಾರ ಹೋಯಿತು.

ಆಮೇಲೆ ಪಾಸ್‌ವರ್ಡ್. ಫೈಲಿನಲ್ಲಿ ಬರೆದೆ. 535, ಅಂದರೆ ಪಾಸ್‌ವರ್ಡ್ ತಪ್ಪು. ಸರಿ ಮಾಡಿದೆ. ಮತ್ತೆ 535. ಮೂರು ಸಲ ಬದಲಿಸಿದ ಮೇಲೆ ಗೊತ್ತಾಯಿತು: ಪೋಸ್ಟ್‌ಫಿಕ್ಸ್ ನಾನು ಬರೆದ ಫೈಲನ್ನು ಓದುವುದೇ ಇಲ್ಲ. ಪೋಸ್ಟ್‌ಮ್ಯಾಪ್ ಎಂಬ ಗುಮಾಸ್ತ ಅದರ ನಕಲು ಮಾಡಿಕೊಡಬೇಕು, ಇದು ಆ ನಕಲನ್ನು ಓದುತ್ತದೆ. ಅಸಲು ಬೇಡ ಸ್ವಾಮಿ, ಜೆರಾಕ್ಸ್ ತನ್ನಿ.

ಜೆರಾಕ್ಸ್ ಕೊಟ್ಟೆ. ಲಾಗಿನ್ ಆಯಿತು, ಮೇಲ್ ಆಗಲಿಲ್ಲ. ಕಳಿಸುವವರ ಹೆಸರು ಏನು ಹೋಗಿತ್ತು ಗೊತ್ತಾ? ರೂಟ್ ಅಟ್ ಲೋಕಲ್‌ಹೋಸ್ಟ್. ಸರ್ವರ್ ಒಳಗೆ ರೂಟ್ ಅಂದರೆ ಮಹಾರಾಜ. ಇರುವುದೆಲ್ಲ ಒಂದೇ ಆಜ್ಞೆಗೆ ಅಳಿಸಿ ಹಾಕಬಲ್ಲ. ಕಂಪನಿ ಬಾಗಿಲಲ್ಲಿ ಮಾತ್ರ, "ಯಾರಯ್ಯಾ ನೀನು, ಯಾವೂರು?" ಲೋಕಲ್‌ಹೋಸ್ಟ್ ಅಂದರೆ 'ನಮ್ಮನೆ' ಅಂತ. ವಿಳಾಸ ಕೇಳಿದರೆ ನಮ್ಮನೆ ಅಂದರೆ ಯಾರು ಒಳಗೆ ಬಿಡುತ್ತಾರೆ?

ಸಂಘದ ಹೆಸರು ಹಾಕಿದೆ. ಅದು ನಮ್ಮದೇ ಎನ್ನುವುದಕ್ಕೆ ಡಿಎನ್ಎಸ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ಹೆಸರು-ವಿಳಾಸದ ರಿಜಿಸ್ಟರಿನಲ್ಲಿ, ದಾಖಲೆ ಬೇಕು. ಯಾರು ನಮ್ಮ ಹೆಸರಲ್ಲಿ ಕಳಿಸಬಹುದು ಎನ್ನುವುದಕ್ಕೆ ಎಸ್‌ಪಿಎಫ್, ಮೊಹರು ನಮ್ಮದೇ ಎನ್ನುವುದಕ್ಕೆ ಡಿಕಿಮ್, ಇವೆರಡೂ ಕೈಕೊಟ್ಟರೆ ಏನು ಮಾಡಬೇಕು ಎನ್ನುವುದಕ್ಕೆ ಡಿಮಾರ್ಕ್. ಹಳೆಯ ಎಸ್‌ಪಿಎಫ್ ಒಂದಿತ್ತು. ಜಾಸ್ತಿ ಇದ್ದರೆ ಒಳ್ಳೆಯದೇ ಎಂದು ಪಕ್ಕದಲ್ಲೇ ಇನ್ನೊಂದು ಹಾಕಿದೆ. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಜಾಮೀನಿಗೆ ಇಬ್ಬರು ಬಂದರು ಎಂದು ಆರೋಪಿಯನ್ನು ಒಳಗೇ ಇಟ್ಟುಕೊಂಡರಂತೆ!

ಎರಡನ್ನೂ ಸೇರಿಸಿ ಒಂದು ಮಾಡಿದೆ. ಒಂಬತ್ತನೇ ದಿನ ಸಂಜೆ 84 ಮೇಲ್ ಹೊರಟವು. ನನ್ನ ಮೇಲ್‌ಬಾಕ್ಸ್ ತೆಗೆದೆ. ನೋಟಿಸ್ ಸ್ಪ್ಯಾಮ್ ಡಬ್ಬದಲ್ಲಿ ಬಿದ್ದಿತ್ತು. ಹೊಸ ಹೆಸರು, ಮುಖಪರಿಚಯ ಇಲ್ಲ, ಸ್ವಲ್ಪ ದಿನ ಅಲ್ಲೇ ಇರಲಿ ಅಂತ.

ಇನ್‌ಬಾಕ್ಸ್‌ನಲ್ಲಿ ಎಲ್ಲಕ್ಕಿಂತ ಮೇಲೆ ಇನ್ನೊಂದು ಕಾಗದ. "ನಿಮ್ಮ ಕರೆಂಟ್ ಬಿಲ್ ಬಾಕಿ ಇದೆ, ಇಂದು ರಾತ್ರಿ 9:30ಕ್ಕೆ ಸಂಪರ್ಕ ಕಡಿತ." ಅಪ್ಪಟ ಮೋಸ. ಹೇಗೆ ಬಂತಪ್ಪಾ ಎಂದು ಅದರ ಹೆಡರ್, ಅಂದರೆ ಮೇಲ್ ಬಂದ ದಾರಿಯ ವಿವರ, ತೆಗೆದೆ. ಎಸ್‌ಪಿಎಫ್ ಪಾಸ್. ಡಿಕಿಮ್ ಪಾಸ್. ಡಿಮಾರ್ಕ್ ಪಾಸ್. ಕಳ್ಳ ಮೊನ್ನೆ ಮೊನ್ನೆ ಯಾವುದೋ ಡೊಮೇನ್ ಹೆಸರು ಕೊಂಡು ಮೂರೂ ದಾಖಲೆ ಅಚ್ಚುಕಟ್ಟಾಗಿ ಮಾಡಿಸಿಕೊಂಡಿದ್ದ. ಒಂದೇ ಎಸ್‌ಪಿಎಫ್ ಇಟ್ಟಿದ್ದ, ಪುಣ್ಯಾತ್ಮ.

ಅಷ್ಟರಲ್ಲಿ ರಾಯರ ಫೋನ್. ದನಿಯಲ್ಲಿ ಸಂಭ್ರಮ.

"ಬಂತು ಕಣ್ರೀ ನಿಮ್ಮ ಮೇಲು! ಅಂತೂ ಸಾಧಿಸಿದ್ರಿ. ಆದ್ರೆ ಸಂಘದ ಸಭೆಗೆ ಒಟಿಪಿ ಯಾಕ್ರೀ ಕೇಳಿದ್ದೀರಾ?"