ದ್ರಾಕ್ಷಿಯ ಮರುನಾಮಕರಣ ಮಹೋತ್ಸವ

‘ನೆಬ್ಬಿಯಾ’ ಎಂದರೆ ಇಟಾಲಿಯನ್ ಭಾಷೆಯಲ್ಲಿ ಮಂಜು. ವಾಯವ್ಯ ಇಟಲಿಯ ಪಿಯೆಮೊಂಟೆಯ ಗುಡ್ಡಗಳ ನೆಬ್ಬಿಯೋಲೊ ದ್ರಾಕ್ಷಿಗೆ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ. ಅಕ್ಟೋಬರ್ ಮಂಜು ಇಳಿದರೂ ಹಣ್ಣಾಗುವ ಅವಸರ ಅದಕ್ಕಿಲ್ಲ. ಅದರ ವೈನ್ ನೋಡಲು ನೀರು ಬೆರೆಸಿದ ದಾಳಿಂಬೆ ರಸ. ಬಾಯಿಗಿಟ್ಟರೆ ಹಸಿ ಅಡಿಕೆಯ ಚೊಗರು. ಇದೇ ದ್ರಾಕ್ಷಿಯ, ಬರೋಲೊ ಎಂಬ ಹೆಸರು ಹೊತ್ತ ವೈನನ್ನಂತೂ ಕನಿಷ್ಠ 38 ತಿಂಗಳು ಮಾಗಲು ಬಿಡಬೇಕೆಂದು ಕಾನೂನೇ ಹೇಳುತ್ತದೆ. ಇದೇ ದ್ರಾಕ್ಷಿ ವಾಲ್ತೆಲ್ಲಿನಾಕ್ಕೆ ಹೋದರೆ ಕ್ಯಾವೆನ್ನಾಸ್ಕ, ಗಟ್ಟಿನಾರಾದ ಕಡೆ ಸ್ಪಾನ್ನ. ಊರಿಗೊಂದು ಹೆಸರಿಟ್ಟುಕೊಂಡು ಸುಖವಾಗಿತ್ತು.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಿಂಗ್ ಕಣಿವೆಯ ತಂಪಿಗೂ ಅದು ಒಗ್ಗಿಕೊಂಡಿತು. ಅಲ್ಲಿ ತಂಬಾಕು ಬೆಳೆಯುತ್ತಿದ್ದ ಇಟಾಲಿಯನ್ ವಲಸಿಗರ ಮನೆತನಗಳು ದ್ರಾಕ್ಷಿಗೆ ತಿರುಗಿ, ತಾತಂದಿರ ನಾಡಿನ ಬಳ್ಳಿಗಳನ್ನೇ ನೆಟ್ಟವು. ಶೀಶೆಯ ಮೇಲೆ ‘ನೆಬ್ಬಿಯೋಲೊ’ ಎಂದು ಧಾರಾಳವಾಗಿ ಬರೆಯುತ್ತಾರೆ, ಏಕೆಂದರೆ ಅದು ತಳಿಯ ಹೆಸರು, ಊರಿನದಲ್ಲ. ಊರಿನದಾದರೆ ಆ ಊರಿನವರು ಹೆಸರು ತಮಗೊಬ್ಬರಿಗೇ ಸೇರಿದ್ದೆಂದು ಬೇಲಿ ಹಾಕಬಹುದು. ಅವರ ಧೈರ್ಯ ಕಂಡು ನನಗೆ ಭಯವಾಗುತ್ತದೆ.

ಪಕ್ಕದ ಸಾಲಿನ ಬಳ್ಳಿಗೆ ಆದದ್ದನ್ನು ನೋಡಿ. ಬುರುಗು ವೈನಿನ ಬಿಳಿ ದ್ರಾಕ್ಷಿಯನ್ನು ಎಲ್ಲರೂ ಪ್ರೊಸೆಕ್ಕೊ ಎನ್ನುತ್ತಿದ್ದರು. ಹೊರಗಿನವರೂ ಪ್ರೊಸೆಕ್ಕೊ ಮಾಡಿ ಮಾರಲು ಹೊರಟಾಗ ಇಟಲಿಗೆ ಜ್ಞಾನೋದಯವಾಯಿತು. 2009ರಲ್ಲಿ, ಲೂಕಾ ಜೈಯಾ ಕೃಷಿ ಸಚಿವರಾಗಿದ್ದಾಗ, ದ್ರಾಕ್ಷಿಗೆ ‘ಗ್ಲೇರ’ ಎಂದು ಹೆಸರಾಯಿತು. ಪ್ರೊಸೆಕ್ಕೊ ಅಂದಿನಿಂದ ತಳಿಯಲ್ಲ, ಪ್ರದೇಶ. ಪ್ರದೇಶವೆಂದ ಮೇಲೆ ಊರೊಂದು ಬೇಡವೇ? ಪುಣ್ಯಕ್ಕೆ ತ್ರಿಯೆಸ್ತೆಯ ಬಳಿ ಪ್ರೊಸೆಕ್ಕೊ ಎಂಬ ಹಳ್ಳಿ ಸಿಕ್ಕಿತು. ಹೆಸರಾಂತ ತೋಟಗಳಿರುವುದು ಅಲ್ಲಿಂದ ದೂರದ ವಾಲ್ದೊಬ್ಬಿಯಾದೆನೆಯ ಗುಡ್ಡಗಳಲ್ಲಿ ಎಂಬುದು ಅಡ್ಡಿಯಾಗಲಿಲ್ಲ. ಒಂಬತ್ತು ಜಿಲ್ಲೆಗಳನ್ನು ಸೇರಿಸಿ ಗಡಿ ಎಳೆದರು. ಮದುಮಗನ ಮನೆಗೆ ಮಂಟಪ ದೂರವಾಯಿತೆಂದು ಊರನ್ನೇ ಹಿಗ್ಗಿಸಿದಂತೆ!

ನಮ್ಮ ಉಡುಪಿ ಕಡೆಯ ಮಟ್ಟುಗುಳ್ಳ ಬದನೆಗೂ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಆದರೆ ಉಳಿದವರು ಬದನೆಯನ್ನು ಬದನೆ ಎನ್ನಬಾರದೆಂದು ಮಟ್ಟು ಗ್ರಾಮದವರು ಇದುವರೆಗೆ ತಕರಾರು ತೆಗೆದಿಲ್ಲ. ಪಾಪ, ಅವರಿಗೆ ಅಂತರರಾಷ್ಟ್ರೀಯ ಅನುಭವ ಸಾಲದು.

2013ರಲ್ಲಿ ಐರೋಪ್ಯ ಒಕ್ಕೂಟ ಆಸ್ಟ್ರೇಲಿಯಾದಲ್ಲೂ ಪ್ರೊಸೆಕ್ಕೊ ಹೆಸರಿಗೆ ಬೇಲಿ ಹಾಕಲು ಹೋಗಿ ಸೋತಿತು. ಸೋತ ವಾದವನ್ನು ವ್ಯಾಪಾರ ಒಪ್ಪಂದದ ಮಾತುಕತೆಯ ಮೇಜಿನ ಮೇಲೆ ಮತ್ತೆ ಹರಡಿತು. ಕಾನೂನಿನಲ್ಲಿ ಗೆಲ್ಲದ್ದನ್ನು ಚೌಕಾಶಿಯಲ್ಲಿ ಗೆಲ್ಲಬಹುದಲ್ಲ.

ಹೆಸರಿನ ಶುದ್ಧಿಗಾಗಿ ಇಷ್ಟು ಮಡಿ ಉಟ್ಟವರ ಸ್ವಂತ ಅಡುಗೆಮನೆ ಹೇಗಿದೆ? ಟಸ್ಕನಿಯಲ್ಲಿ ಮೊಂತೆಪುಲ್ಚಾನೊ ಎಂಬ ಪಟ್ಟಣವಿದೆ. ಅಲ್ಲಿನ ‘ವಿನೊ ನೋಬಿಲೆ ದಿ ಮೊಂತೆಪುಲ್ಚಾನೊ’ ಮುಖ್ಯವಾಗಿ ಸಾಂಜೊವೇಸೆ ದ್ರಾಕ್ಷಿಯದು. ಮೊಂತೆಪುಲ್ಚಾನೊ ಎಂಬ ದ್ರಾಕ್ಷಿಯೂ ಇದೆ. ಅದರ ಹೆಸರಾಂತ ವೈನ್ ಬರುವುದು ಅಬ್ರುತ್ಸೊದಿಂದ, ಅದರ ಹೆಸರು ‘ಮೊಂತೆಪುಲ್ಚಾನೊ ದಾಬ್ರುತ್ಸೊ’. ಒಂದರಲ್ಲಿ ಊರಿದೆ, ದ್ರಾಕ್ಷಿಯಿಲ್ಲ. ಇನ್ನೊಂದರಲ್ಲಿ ದ್ರಾಕ್ಷಿಯಿದೆ, ಊರಿಲ್ಲ. ಗಿರಾಕಿ ಗೊಂದಲಕ್ಕೆ ಬೀಳುತ್ತಾನೆಂಬ ಕಳಕಳಿ ಇಲ್ಲಿ ಯಾವ ದ್ರಾಕ್ಷಿಯ ಹೆಸರನ್ನೂ ಬದಲಿಸಲಿಲ್ಲ. ಸ್ವದೇಶಿ ಗೊಂದಲಕ್ಕೆ ಪರಂಪರೆ ಎನ್ನುತ್ತಾರೆ.

ಹಾಗಾಗಿ ಪಿಯೆಮೊಂಟೆಯ ನಕ್ಷೆಯಲ್ಲಿ ನೆಬ್ಬಿಯೋಲೊ ಎಂಬ ಹಳ್ಳಿ ಇಲ್ಲವೆಂದು ಯಾರೂ ನೆಮ್ಮದಿಯಾಗಿರಬೇಕಿಲ್ಲ. ದ್ರಾಕ್ಷಿಗೇ ಹೊಸ ಹೆಸರಿಟ್ಟವರಿಗೆ ನಾಲ್ಕು ಮನೆಗಳ ಒಂದು ಕೇರಿಗೆ ನಾಮಫಲಕ ನೆಡಿಸುವುದು ಎಷ್ಟರ ಕೆಲಸ? ಕಿಂಗ್ ಕಣಿವೆಯವರು ಲೇಬಲ್‌ಗಳನ್ನು ಸದ್ಯ ಸ್ವಲ್ಪ ಸ್ವಲ್ಪವೇ ಅಚ್ಚು ಹಾಕಿಸಿಕೊಳ್ಳಲಿ.