ಗ.ರಾ. ಹೆಗಡೆಯವರ ಲೋಟ

ಪೇಪರ್ ಲೋಟ ಹೆಸರಿಗಷ್ಟೇ ಪೇಪರ್ರು, ಒಳಮೈಗೆ ತೆಳ್ಳಗೆ ಪ್ಲಾಸ್ಟಿಕ್ ಬಳಿದಿರುತ್ತಾರೆ ಎಂದು ನಾನು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅಷ್ಟರಲ್ಲಿ ನಮ್ಮನೆಯಲ್ಲೇ ಸತ್ಯನಾರಾಯಣ ಕಥೆ ಬಂತು. ಊಟದ ಚಿಂತೆಯಿಲ್ಲ, ಶಿರಸಿ ಕಡೆ ಬಾಳೆಎಲೆಗೆ ಬರವೇ? ತಿಂಡಿಗೆಂದು ಅಡಿಕೆ ಹಾಳೆಯ ತಟ್ಟೆ ತಂದಿಟ್ಟಿದ್ದೆ. ಕಟ್ಟು ಬಿಚ್ಚಿಕೊಂಡು ಬಂದ ಗೌರಿ ಅರ್ಧದಷ್ಟನ್ನು ಹಿಂದಿನ ರಾತ್ರಿಯೇ ಮೆದ್ದಿದ್ದಳು. ಅವಳನ್ನು ಬೈದು ಪ್ರಯೋಜನವಿಲ್ಲ, ಹಾಳೆಯೆಂದರೆ ದನಕ್ಕೆ ಮೇವೇ. ಅದನ್ನು ಒತ್ತಿ ತಟ್ಟೆ ಮಾಡಿದ್ದು ನಾವು.

ಕಷಾಯಕ್ಕೆ ಮಾತ್ರ ಕೇರಿಯ ಮನೆಮನೆ ಹತ್ತಿಳಿದು ಸ್ಟೀಲ್ ಲೋಟ ಒಟ್ಟುಮಾಡಿದೆ. ಪೂಜೆ ಚೆನ್ನಾಗಿ ಆಯಿತು. ಜಗಲಿಯಲ್ಲಿ ನಿಂತು ನಾನೊಂದು ಭಾಷಣವನ್ನೂ ಬಿಗಿದೆ: “1983ರ ಸೆಪ್ಟೆಂಬರ್ 8ರಂದು ಇಲ್ಲೇ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ಕೊಡಲಿ ತಡೆದರು. ನಮಗೆ ಒಂದು ಲೋಟ ತೊಳೆಯುವುದು ಕಷ್ಟವೇ?” ಚಪ್ಪಾಳೆ ಬಿತ್ತು. ತೊಳೆಯಲು ಯಾರೂ ಏಳಲಿಲ್ಲ.

ಅದೂ ಹೇಗೋ ಆಯಿತೆನ್ನಿ. ಫಜೀತಿ ಇದ್ದದ್ದು ವಾಪಸ್ ಮುಟ್ಟಿಸುವುದರಲ್ಲಿ. ಪಾತ್ರೆ ಅಂಗಡಿಯವ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಲೋಟದ ಮೇಲಿದೆ, ನಿಜ: ಗ.ರಾ. ಹೆಗಡೆ. ನಮ್ಮ ಕೇರಿಯಲ್ಲಿ ಗಣಪತಿ ರಾಮಚಂದ್ರ, ಗಜಾನನ ರಾಮಕೃಷ್ಣ, ಗಂಗಾಧರ ರಾಘವ ಎಲ್ಲರೂ ಹೆಗಡೆಯರೇ. ಅಪ್ಪಿಕೋ ಚಳವಳಿಯವರ ಪುಣ್ಯ, ಅಪ್ಪಿಕೊಂಡ ಮರವನ್ನು ಸಂಜೆ ಯಾರ ಮನೆಗೂ ಮುಟ್ಟಿಸಬೇಕಿರಲಿಲ್ಲ.

ಹೊಳೆಯುವ ಲೋಟಗಳೆಲ್ಲ ಮೊದಲ ಮನೆಯಲ್ಲೇ “ನಮ್ದೇಯಾ” ಎಂದು ಒಳಗೆ ಹೋದವು. ಆಚೆಮನೆ ದೊಡ್ಡಮ್ಮ ಉಳಿದದ್ದರಲ್ಲಿ ಒಂದನ್ನೆತ್ತಿ, ಬೆಳಕಿಗೆ ಹಿಡಿದು, ಉಗುರಿನಿಂದ ಟಣ್ಣೆನಿಸಿ, ಬುಡದ ನೆಗ್ಗು ಸವರಿ ನೋಡಿದಳು. “ತಮಾ, ಇದು ಯಮ್ಮನೇದಲ್ಲ. ಯಮ್ಮನೆ ಲೋಟ ಒಂದೂ ನೆಗ್ಗಿತ್ತಿಲ್ಲೆ.” ಮುಂದಿನ ಮನೆಗಳಲ್ಲೂ ಇದೇ ಮಾತು. ನೆಗ್ಗಿದ ಲೋಟಕ್ಕೆ ಇಡೀ ಕೇರಿಯಲ್ಲಿ ವಾರಸುದಾರರಿಲ್ಲ.

ಚೀಲ ಹೊತ್ತು ಮನೆಗೆ ಬಂದೆ. ಹೆಂಡತಿ ಇಣುಕಿ ನೋಡಿ, “ಮುಂದಿನ ಸಲಕ್ಕೆ ಆಗ್ತು, ಇಟ್ಗಳಿ” ಎಂದಳು.

ಈಗ ಯಾರ ಮನೆಯ ಕಾರ್ಯವಾದರೂ ಲೋಟ ಕೇಳಲು ನಮ್ಮಲ್ಲಿಗೇ ಬರುತ್ತಾರೆ. ಪೇಪರ್ ಲೋಟ ಹೆಚ್ಚುಕಡಿಮೆ ನಿಂತಿದೆ. ಕೊಟ್ಟದ್ದಕ್ಕಿಂತ ಒಂದೆರಡು ಹೆಚ್ಚೇ ವಾಪಸ್ ಬರುತ್ತವೆ, ಎಲ್ಲವೂ ನೆಗ್ಗಿದವು.