ಸಂಶಯ ಯಾವುದರ ಬಗ್ಗೆ ಎಂದು ಮೊದಲು ಹೇಳೋಣ

ಭೂಮಿಯ ತಾಪಮಾನ ಏರುತ್ತಿರುವುದರಲ್ಲಿ ಮನುಷ್ಯನ ಪಾಲೆಷ್ಟು ಎಂಬ ಚರ್ಚೆ ಎದ್ದಾಗಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ: ‘ವಿಜ್ಞಾನಿಗಳಿಗೇ ಇನ್ನೂ ಖಚಿತವಿಲ್ಲವಲ್ಲ, ಇಷ್ಟೊಂದು ಗಾಬರಿ ಏಕೆ?’ ಹೀಗೆ ಕೇಳುವವರೆಲ್ಲರೂ ದುರುದ್ದೇಶದಿಂದ ಕೇಳುತ್ತಾರೆಂದು ನಾನು ಭಾವಿಸುವುದಿಲ್ಲ. ಅವರಿಗೆ ಉತ್ತರ ಕೊಡುವ ಭರದಲ್ಲಿ ‘ಎಲ್ಲವೂ ಇತ್ಯರ್ಥವಾಗಿದೆ, ಚರ್ಚಿಸುವುದಕ್ಕೆ ಏನೂ ಉಳಿದಿಲ್ಲ’ ಎಂದುಬಿಡುವವರನ್ನು ಕಂಡಾಗಲೂ ನನಗೆ ಬೇಸರವಾಗುತ್ತದೆ. ಅನಿಶ್ಚಿತತೆ ಇದ್ದೇ ಇದೆ. ಅದು ಎಲ್ಲಿದೆ, ಎಲ್ಲಿ ಇಲ್ಲ ಎಂಬುದನ್ನು ಬಿಡಿಸಿ ನೋಡದಿದ್ದರೆ, ವಾದಕ್ಕೆ ನಿಂತ ಇಬ್ಬರೂ ಎರಡು ಬೇರೆ ವಿಷಯಗಳ ಬಗ್ಗೆ ಮಾತನಾಡುತ್ತಿರುತ್ತಾರೆ.

ಮೊದಲು ಅನುಮಾನಕ್ಕೆ ಎಡೆಯಿಲ್ಲದ ಸಂಗತಿ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್ ಅಣುಗಳಿದ್ದವು. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳೆಯಲು ಆರಂಭಿಸಿದಾಗ ಅದು ಸುಮಾರು 315 ಆಗಿತ್ತು. ಈಗ 420ನ್ನು ದಾಟಿದೆ. ಹೀಗೆ ಹೆಚ್ಚಿದ ಅನಿಲ ಸಮುದ್ರದಿಂದಲೋ ಜ್ವಾಲಾಮುಖಿಗಳಿಂದಲೋ ಏಕೆ ಬಂದಿರಬಾರದು ಎಂಬುದು ಕೇಳಲೇಬೇಕಾದ ಪ್ರಶ್ನೆ, ಮತ್ತು ಅದರ ಉತ್ತರ ಗಾಳಿಯಲ್ಲೇ ಸಿಗುತ್ತದೆ. ಇಂಗಾಲದ ಪರಮಾಣುಗಳಲ್ಲಿ ಬೇರೆ ಬೇರೆ ತೂಕದ ಬಗೆಗಳಿವೆ. ಸಸ್ಯಗಳು ಹಗುರವಾದ ಇಂಗಾಲ-12ನ್ನು ಹೆಚ್ಚಾಗಿ ಹೀರಿಕೊಂಡು, ತುಸು ಭಾರವಾದ ಇಂಗಾಲ-13ನ್ನು ಕಡಿಮೆ ಬಳಸುತ್ತವೆ. ಆದ್ದರಿಂದ ಪ್ರಾಚೀನ ಜೀವಿಗಳ ಅವಶೇಷಗಳಾದ ಕಲ್ಲಿದ್ದಲು ಮತ್ತು ಪೆಟ್ರೋಲಿಯಂಗಳಲ್ಲಿ ಇಂಗಾಲ-13 ಕಡಿಮೆ ಇರುತ್ತದೆ. ವಿಕಿರಣಶೀಲವಾದ ಇಂಗಾಲ-14 ಅಂತೂ ಕೋಟ್ಯಂತರ ವರ್ಷಗಳಲ್ಲಿ ಪೂರ್ತಿ ಕ್ಷಯಿಸಿ ಹೋಗಿರುತ್ತದೆ. 20ನೇ ಶತಮಾನದ ಮರದಲ್ಲಿ ಇಂಗಾಲ-14ರ ಪಾಲು ಹಿಂದಿನ ಶತಮಾನದ ಮರದಲ್ಲಿದ್ದುದಕ್ಕಿಂತ ಕಡಿಮೆ ಎಂಬುದನ್ನು ಹಾನ್ಸ್ ಸೂಸ್ 1955ರಲ್ಲೇ ತೋರಿಸಿದ್ದರು. ಗಾಳಿಯಲ್ಲಿ ಇಂಗಾಲ-13ರ ಪಾಲೂ ಇಳಿಯುತ್ತಲೇ ಬಂದಿದೆ. ಜ್ವಾಲಾಮುಖಿಯ ಇಂಗಾಲದಲ್ಲೂ ಇಂಗಾಲ-14 ಇರುವುದಿಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಆ ಆಕ್ಷೇಪ ನ್ಯಾಯವಾದುದೇ. ಆದರೆ ಜ್ವಾಲಾಮುಖಿ ಉಗುಳುವ ಅನಿಲಕ್ಕಾಗಿ ಗಾಳಿಯ ಆಮ್ಲಜನಕ ಖರ್ಚಾಗುವುದಿಲ್ಲ, ಇಂಧನ ಉರಿಸಿದರೆ ಖರ್ಚಾಗುತ್ತದೆ. ಆ ಆಮ್ಲಜನಕ ಅತ್ಯಲ್ಪ ಪ್ರಮಾಣದಲ್ಲಿ, ಆದರೆ ಎಡೆಬಿಡದೆ ಇಳಿಯುತ್ತಿರುವುದನ್ನು ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ ಅಳೆದು ತೋರಿಸಿದ್ದಾರೆ. ಸಮುದ್ರವಂತೂ ಅನಿಲವನ್ನು ಹೊರಬಿಡುವುದಕ್ಕಿಂತ ಹೆಚ್ಚಾಗಿ ಹೀರಿಕೊಂಡು ತನ್ನ ಆಮ್ಲೀಯತೆಯನ್ನು ಹೆಚ್ಚಿಸಿಕೊಳ್ಳುತ್ತಿದೆ.

ಸೂರ್ಯನ ಮೇಲೆ ಹೊರೆ ಹೊರಿಸುವ ವಾದಕ್ಕೆ ಇಷ್ಟು ವಿವರ ಬೇಕಿಲ್ಲ. ಬಿಸಿಲೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಕೆಳಗಿನ ಪದರವೂ ಒಟ್ಟಿಗೆ ಬಿಸಿಯಾಗಬೇಕಿತ್ತು. ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ನೆಲದ ಸಮೀಪ ಕಾವು ಏರಿ, ಮೇಲಿನ ಪದರವಾದ ಸಮೋಷ್ಣ ಮಂಡಲ (ಸ್ಟ್ರಾಟೋಸ್ಫಿಯರ್) ತಣ್ಣಗಾಗುತ್ತದೆ ಎಂದು ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲಿ ಲೆಕ್ಕ ಹಾಕಿದ್ದರು. ಮುಂದೆ ಉಪಗ್ರಹಗಳು ಅಳೆದದ್ದೂ ಅದನ್ನೇ.

ಇನ್ನು ನಿಜವಾದ ಅನಿಶ್ಚಿತತೆಗೆ ಬರೋಣ. ಹವಾಮಾನ ಬದಲಾವಣೆಯ ವಿಜ್ಞಾನವನ್ನು ಪರಾಮರ್ಶಿಸುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2021ರ ವರದಿಯ ಪ್ರಕಾರ, 19ನೇ ಶತಮಾನದ ಉತ್ತರಾರ್ಧದಿಂದ 2010–2019ರ ದಶಕದವರೆಗೆ ಮನುಷ್ಯನಿಂದ ಆದ ತಾಪ ಏರಿಕೆ 0.8ರಿಂದ 1.3 ಡಿಗ್ರಿ ಸೆಲ್ಸಿಯಸ್‌ನ ನಡುವೆ ಇದೆ. ಸೂರ್ಯ ಮತ್ತು ಜ್ವಾಲಾಮುಖಿಗಳ ಪಾಲು, ಏರಿಕೆಯಾಗಲಿ ಇಳಿಕೆಯಾಗಲಿ, 0.1 ಡಿಗ್ರಿಯನ್ನು ಮೀರುವುದಿಲ್ಲ. ಇದೇ ಲೆಕ್ಕದ ಒಳಹೊಕ್ಕು ನೋಡಿದರೆ ಇಂಗಾಲದ ಡೈಆಕ್ಸೈಡ್‌ನಂತೆ ಕಾವನ್ನು ಹಿಡಿದಿಡುವ ಹಸಿರುಮನೆ ಅನಿಲಗಳು ಮಾತ್ರ 1ರಿಂದ 2 ಡಿಗ್ರಿಯಷ್ಟು ಬಿಸಿ ಮಾಡಿವೆ. ಮನುಷ್ಯನ ಉಳಿದ ಚಟುವಟಿಕೆಗಳು, ಅದರಲ್ಲೂ ಮುಖ್ಯವಾಗಿ ಹೊಗೆಯೊಂದಿಗೆ ಗಾಳಿ ಸೇರುವ ಗಂಧಕದಂಥ ಸೂಕ್ಷ್ಮ ಕಣಗಳು, ಬಿಸಿಲನ್ನು ಹಿಂದಿರುಗಿಸಿ ಅದರಲ್ಲಿ 0ರಿಂದ 0.8 ಡಿಗ್ರಿಯನ್ನು ತಗ್ಗಿಸಿವೆ. ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಎಲ್ಲರೂ ಕಣ್ಣಿಟ್ಟು ನೋಡಬೇಕಾದ ಅಂಕಿಗಳಿವು. ಅತಿ ದೊಡ್ಡ ಅನಿಶ್ಚಿತತೆ ಇರುವುದು ಮನುಷ್ಯನೇ ಮಾಡಿದ ಎರಡು ಕೆಲಸಗಳ ನಡುವೆ. ಪ್ರಕೃತಿಯ ಪಾಲು ಅದರ ಮುಂದೆ ತೀರಾ ಚಿಕ್ಕದು. ಒಂದೇ ಚಿಮಣಿಯಿಂದ ಹೊರಡುವ ಈ ಎರಡರಲ್ಲಿ, ಕೆಳ ವಾತಾವರಣದ ಕಣಗಳು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಮಳೆಯೊಂದಿಗೆ ನೆಲಕ್ಕಿಳಿಯುತ್ತವೆ. ಇಂಗಾಲದ ಡೈಆಕ್ಸೈಡ್‌ನ ಗಣನೀಯ ಭಾಗ ಶತಮಾನಗಳ ಕಾಲ ಉಳಿಯುತ್ತದೆ. ಜನರ ಆರೋಗ್ಯಕ್ಕಾಗಿ ಹೊಗೆಯನ್ನು ಶುದ್ಧೀಕರಿಸಲೇಬೇಕು, ಶುದ್ಧೀಕರಿಸಿದಷ್ಟೂ ಇದುವರೆಗೆ ಮರೆಯಲ್ಲಿದ್ದ ಕಾವು ಹೊರಬೀಳುತ್ತದೆ. ಎಷ್ಟು ಹೊರಬೀಳುತ್ತದೆ ಎಂಬುದು ಖಚಿತವಿಲ್ಲದಿರುವುದು ಯಾರಿಗೂ ಸಮಾಧಾನ ಕೊಡುವ ವಿಷಯವಲ್ಲ.

ಎರಡನೆಯದು ಮೋಡಗಳ ತೊಡಕು: ಭೂಮಿ ಬಿಸಿಯಾದಂತೆ ಮೋಡಗಳು ಹೇಗೆ ಬದಲಾಗಿ ಆ ಕಾವನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತವೆ ಎಂದು ಹೇಳುವುದು ಕಷ್ಟ. ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಅಂತಿಮವಾಗಿ ಎಷ್ಟು ಡಿಗ್ರಿ ಏರುತ್ತದೆ ಎಂಬ ಪ್ರಶ್ನೆಗೆ 1979ರಲ್ಲಿ ಜೂಲ್ ಚಾರ್ನಿ ನೇತೃತ್ವದ ಸಮಿತಿ ಕೊಟ್ಟ ಉತ್ತರ 1.5ರಿಂದ 4.5. ಮೂರು ದಶಕ ಕಳೆದ ಮೇಲೆ, 2013ರ ಐಪಿಸಿಸಿ ವರದಿಯಲ್ಲೂ ಅದೇ ಅಂಕಿ ಇತ್ತು. ಇಷ್ಟು ವರ್ಷ ಏನು ಮಾಡಿದಿರಿ ಎಂದು ಸಂಶಯವಾದಿಗಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. 2021ರಲ್ಲಿ ಅದು 2.5ರಿಂದ 4ಕ್ಕೆ ಕಿರಿದಾಯಿತು. ಕೆಳಗಿನಿಂದ ಒಂದು ಡಿಗ್ರಿ ಹೋಯಿತು, ಮೇಲಿನಿಂದ ಅರ್ಧ ಡಿಗ್ರಿ. ಅಂದರೆ ಜ್ಞಾನ ಹೆಚ್ಚಿದಂತೆ ಹೆಚ್ಚು ದುರ್ಬಲವಾದದ್ದು ‘ಏನೂ ಆಗುವುದಿಲ್ಲ’ ಎನ್ನುವವರು ನೆಚ್ಚಿಕೊಂಡಿದ್ದ ತುದಿ. ಹವಾಮಾನದ ಹೊಸ ಕಂಪ್ಯೂಟರ್ ಮಾದರಿಗಳಲ್ಲಿ ಕೆಲವು ವಾಸ್ತವಕ್ಕಿಂತ ಹೆಚ್ಚು ಬಿಸಿ ತೋರಿಸುತ್ತವೆ ಎಂಬುದನ್ನೂ ಆ ವರದಿ ಮುಚ್ಚಿಡದೆ ಲೆಕ್ಕಕ್ಕೆ ತೆಗೆದುಕೊಂಡಿದೆ.

ಸಂಶಯ ಪಡುವವರ ಬಾಯಿ ಮುಚ್ಚಿಸಬಾರದು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಸಂಶಯವಾದಿಗಳೆಂದೇ ಹೆಸರಾದ ವಿಜ್ಞಾನಿಗಳು ಜಾನ್ ಕ್ರಿಸ್ಟಿ ಮತ್ತು ರಾಯ್ ಸ್ಪೆನ್ಸರ್ ಅವರ ಉಪಗ್ರಹ ತಾಪಮಾನ ದಾಖಲೆಗಳು ವರ್ಷಗಟ್ಟಲೆ ನೆಲದ ಥರ್ಮಾಮೀಟರ್‌ಗಳಿಗಿಂತ ಕಡಿಮೆ ಏರಿಕೆಯನ್ನು ತೋರಿಸುತ್ತಿದ್ದವು. ಉಪಗ್ರಹಗಳು ದಿನದ ಯಾವ ಹೊತ್ತಿಗೆ ಹಾದುಹೋಗುತ್ತವೆ ಎಂಬುದು ನಿಧಾನವಾಗಿ ಬದಲಾಗುವುದಕ್ಕೆ ಮಾಡಿದ್ದ ತಿದ್ದುಪಡಿಯಲ್ಲೇ ದೋಷವಿದೆ ಎಂದು ಕಾರ್ಲ್ ಮಿಯರ್ಸ್ ಮತ್ತು ಫ್ರಾಂಕ್ ವೆಂಟ್ಜ್ 2005ರಲ್ಲಿ ಕಂಡುಹಿಡಿದರು. ಕ್ರಿಸ್ಟಿ ಮತ್ತು ಸ್ಪೆನ್ಸರ್ ಅದನ್ನು ಒಪ್ಪಿ ತಿದ್ದಿಕೊಂಡರು. ಅವರ ದಾಖಲೆಯಲ್ಲಿ ಏರಿಕೆಯ ಪ್ರಮಾಣ ಹೆಚ್ಚಾಯಿತು. ಅಂಕಿಗಳ ಮುಂದೆ ಕುಳಿತು ನಡೆಸುವ ಇಂಥ ಜಗಳದಿಂದ ಎಲ್ಲರಿಗೂ ಲಾಭವಾಗಿದೆ. ಹಾಗೆಯೇ, ಬಂದ ಪ್ರತಿಯೊಂದು ಚಂಡಮಾರುತವನ್ನೂ ಅಧ್ಯಯನಕ್ಕೆ ಕಾಯದೆ ಹವಾಮಾನ ಬದಲಾವಣೆಯ ಲೆಕ್ಕಕ್ಕೆ ಬರೆಯುವವರು, ತಮ್ಮ ಪಕ್ಷದ ಗಟ್ಟಿ ಸಾಕ್ಷ್ಯಗಳ ಬೆಲೆಯನ್ನೇ ಕಡಿಮೆ ಮಾಡುತ್ತಿದ್ದಾರೆ.

ಆದರೆ ‘ಖಚಿತವಾಗುವ ತನಕ ಕಾಯೋಣ’ ಎಂಬ ಸಲಹೆಯನ್ನು ನಾನು ಒಪ್ಪಲಾರೆ. ಅದನ್ನು ಹೇಳುವವರು ಅಂದಾಜು ತಪ್ಪಿದರೆ ಕಡಿಮೆ ಬಿಸಿಯ ಕಡೆಗೇ ತಪ್ಪುತ್ತದೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿರುತ್ತಾರೆ. 2.5 ಎಷ್ಟು ಸಾಧ್ಯವೋ 4 ಕೂಡ ಹೆಚ್ಚುಕಡಿಮೆ ಅಷ್ಟೇ ಸಾಧ್ಯ, ಮತ್ತು 4ರಿಂದಾಗುವ ಹಾನಿ 2.5ರ ಹಾನಿಗಿಂತ ಬಹಳ ದೊಡ್ಡದು. ಅನಿಶ್ಚಿತತೆಯನ್ನು ವಾದಕ್ಕೆ ತರುವವರು ಆ ಮೇಲಿನ ಅಂಕಿಗೂ ಉತ್ತರ ಹೇಳಬೇಕೆಂದು ನಾನು ಕೇಳುತ್ತೇನೆ.